ಹತ್ತಿ ಮಿಲ್ಲಿನ ಹಿಂದಿನ ಪುಂಡಿಪಲ್ಯ

ಆದವಾನಿ ಆಂಧ್ರಕ್ಕೆ ಸೇರಿದ ಮರುವರ್ಷ ನಾನು ಹೊಳಗುಂದದಿಂದ ಅಲ್ಲಿಗೆ ಸೊಸೆಯಾಗಿ ಬಂದೆ. ಮನೆ ಊರ ಹೊರಗೆ, ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ. ಓಣಿಯ ಹೆಂಗಸರೆಲ್ಲ ಮಿಲ್ಲಿನಲ್ಲಿ ಹತ್ತಿ ಆರಿಸುವವರು. ಕೆಲಸ ಬಿಟ್ಟು ಪೇಟೆ ಮುಟ್ಟುವಷ್ಟರಲ್ಲಿ ನಾಲ್ಕು ಬಾಡಿದ ಬದನೆಕಾಯಿ ಉಳಿದಿರುತ್ತಿದ್ದವು. ಹಾಗಾಗಿ ದಿನಾ ರೊಟ್ಟಿ, ಖಾರ, ಶೇಂಗಾ ಹಿಂಡಿ.

ಐದು ತಿಂಗಳ ಬಸುರಿಯಾದಾಗ, ಹೊತ್ತು ಮುಳುಗಿದರೆ ನನಗೆ ಕಣ್ಣು ಕಾಣದಾಯಿತು. ಒಂದು ಸಂಜೆ ನಮ್ಮ ಮನೆಯೆಂದೇ ಪಕ್ಕದ ಮನೆ ಹೊಕ್ಕು, ಒಲೆ ಮುಂದೆ ಕೂತು ಹಿಟ್ಟು ನಾದತೊಡಗಿದೆ. ಆ ಮನೆಯಾಕೆ ಪೆದ್ದಹರಿವಾಣದ ಕಡೆಯವಳು, ವಯಸ್ಸಾದವಳು. ನಾವೆಲ್ಲ ಅತ್ತಿ ಅನ್ನುತ್ತಿದ್ದೆವು.

"ಇದು ನಿನ್ನ ಮನಿ ಅಲ್ಲವ್ವ," ಅಂದಳು. "ಇರಲಿ, ಕುಂತದ್ದು ಕುಂತಿ, ರೊಟ್ಟಿ ಬಡಿದೇ ಹೋಗು."

ನಕ್ಕಳು. ಆದರೆ ಮರುದಿನವೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನರ್ಸಮ್ಮ ನೋಡಿ, "ರೇಚೀಕಟಿ" ಅಂದಳು. ನಮ್ಮ ಮಾತಿನ ಇರುಳುಗುರುಡು. ಸೊಪ್ಪು ಚೆನ್ನಾಗಿ ತಿನ್ನಬೇಕಂತೆ.

ಬರುವಾಗ ಅತ್ತಿ ಓಣಿಯ ಹಿಂದೆ ನಿಂತಳು. ಬಾವಿಕಟ್ಟೆಯ ನೀರು ಹರಿದು ಅಲ್ಲಿ ಮಿಲ್ಲಿನವರ ಖಾಲಿ ಜಾಗ ಕೆಸರು ಬಯಲಾಗಿತ್ತು. "ಇಷ್ಟು ನೀರು ಸುಮ್ಮನ ಹರಿದು ಹೋಗತೈತಿ. ನಾವ ಬೆಳಕೊಂಡರ ಬ್ಯಾಡ ಅನ್ನೋರು ಯಾರು?"

ಓಣಿಯವರೆಲ್ಲ ಸೇರಿ ಇಟ್ಟಂಗಿ ಚೂರು ಆರಿಸಿ ನೆಲ ಅಗೆದೆವು. ಗೊಬ್ಬರಕ್ಕೆ ಹೊಳಗುಂದದ ನನ್ನ ಅಣ್ಣನಿಗೆ ಹೇಳಿಕಳಿಸಿದೆ, ಎರಡು ದಿನ ಕುರಿ ನಿಲ್ಲಿಸಿ ಹೋಗು ಎಂದು. ಅವನು ಇಡೀ ಹಿಂಡನ್ನೇ ತಂದ. ಬಂದ ದಿನವೇ ಕುರಿಗಳು ಮಿಲ್ಲಿನ ಅಂಗಳದ ಹತ್ತಿಕಾಳಿನ ರಾಶಿಗೆ ಬಾಯಿ ಹಾಕಿದವು. ಮಿಲ್ಲಿನ ಮೇಸ್ತ್ರಿ ಕೂಗಾಡುತ್ತ ಓಡಿಬಂದ. ಅಣ್ಣ ಹೆದರಿ ನನ್ನ ಮುಖ ನೋಡಿದ. ನಾನು ಅತ್ತಿಯ ಮುಖ ನೋಡಿದೆ.

"ಸಿಟ್ಟಾಗಬ್ಯಾಡ್ರಿ," ಅಂದಳು ಆಕೆ. "ತಿಂದದ್ದೆಲ್ಲ ಇಲ್ಲೇ ಕೊಟ್ಟು ಹೋಗತಾವ. ನಿಮ್ಮ ಜಾಗದಾಗ ಇರತೈತಿ."

ಮೇಸ್ತ್ರಿ ಗೊಳ್ಳೆಂದು ನಕ್ಕುಬಿಟ್ಟ. ಹತ್ತಿ ಸುಗ್ಗಿ ಬರುವ ತನಕ ಬೆಳೆದುಕೊಳ್ಳಿ ಅಂದ. ಸುಗ್ಗಿ ಬಂತು, ಹೋಯಿತು. ಯಾರೂ ಜಾಗ ಬಿಡಿರಿ ಅನ್ನಲಿಲ್ಲ.

ಮೆಂತ್ಯ ಮೊದಲು ಬಂತು, ಆಮೇಲೆ ರಾಜಗಿರಿ, ಪುಂಡಿ. ತೆಲುಗಿನವರು ಗೋಂಗೂರ ಅನ್ನುತ್ತಿದ್ದರು, ನಾವು ಪುಂಡಿಪಲ್ಯ. ಹೆಸರಿಗೆ ಜಗಳವಾಗುತ್ತಿತ್ತೇ ಹೊರತು ಹಂಚಿಕೊಳ್ಳುವುದಕ್ಕಲ್ಲ. ಕೊಯ್ದವರು ಮೊದಲು ಬಸುರಿ, ಬಾಣಂತಿಯರ ಮನೆಗೆ ಒಂದು ಹಿಡಿ ಕೊಟ್ಟೇ ತಮ್ಮ ಒಲೆಗೆ ಹಾಕಬೇಕೆಂದು ಅತ್ತಿಯ ಕಟ್ಟಪ್ಪಣೆ. ನನ್ನ ಪಾಲಿಗಂತೂ ದಿನಾ ಬರುತ್ತಿತ್ತು. ಬರುಬರುತ್ತ ಸಂಜೆಗೆ ಹೊಸ್ತಿಲು ಕಂಡಿತು, ಬೀದಿ ಕಂಡಿತು. ಒಂದು ದಿನ ಮಬ್ಬುಗತ್ತಲಲ್ಲಿ ಅತ್ತಿಯ ಮೂಗುತಿ ಕಂಡು ಕೂಗಿಯೇಬಿಟ್ಟೆ. ಆಕೆ ನನ್ನ ಗಲ್ಲ ಹಿಡಿದು ಅತ್ತಳು.

ಮಗಳು ಹುಟ್ಟಿದ ತಿಂಗಳು ಮೇಸ್ತ್ರಿಯ ಹೆಂಡತಿ ಚೀಲ ಹಿಡಿದು ಬಂದಳು, ಪುಂಡಿಪಲ್ಯ ಬೇಕೆಂದು. "ಬಗ್ಗಿ ಕೊಯ್ಕೊ ತಾಯಿ," ಅಂದಳು ಅತ್ತಿ. ಆಕೆ ಒಳ್ಳೆಯ ಸೀರೆ ಮೇಲೆತ್ತಿ ಕಟ್ಟಿ ಕೆಸರಿಗಿಳಿದಳು. ಮುಂದಿನ ವಾರ ಹಳೆಯ ಸೀರೆ ಉಟ್ಟೇ ಬಂದಳು, ಜೊತೆಗೆ ಒಂದು ಹಿಡಿ ಹೀರೇಬೀಜ.