ಎರಡನೆಯ ಚೀಟಿ

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ದೇವರನ್ನು ಕೇಳದೆ ಒಂದು ಕೊಡೆಯನ್ನೂ ಕೊಳ್ಳುತ್ತಿರಲಿಲ್ಲ. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ, ಬೈಬಲಿನ ವಾಕ್ಯಗಳನ್ನು ಬರೆದು ಸುರುಳಿ ಸುತ್ತಿದ ಚೀಟಿಗಳಿದ್ದವು. ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಕಣ್ಣು ಮುಚ್ಚಿ ಒಂದನ್ನು ತೆಗೆಯುತ್ತಿದ್ದರು. ಬಂದದ್ದೇ ಉತ್ತರ. ಮನೆ ಬದಲಿಸುವುದೋ ಬೇಡವೋ, ಮಾವಳ್ಳಿಯ ಚಿಕ್ಕಮ್ಮನ ಮನೆಯ ಮದುವೆಗೆ ಯಾರು ಹೋಗುವುದು, ಎಲ್ಲವೂ ಡಬ್ಬಿಯಿಂದಲೇ ತೀರ್ಮಾನ. ತಾರೀಖು, ಕೇಳಿದ ಪ್ರಶ್ನೆ, ಬಂದ ವಾಕ್ಯ, ಮೂರನ್ನೂ ನಾನು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಯಾರೂ ಹೇಳಿದ್ದಲ್ಲ, ಬರೆಯದಿದ್ದರೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ. ಅಮ್ಮನ ಹಲ್ಲುನೋವಿಗೆ ತಾಳ್ಮೆಯ ವಾಕ್ಯ ಬಂದದ್ದು, ಅವರು ವೈದ್ಯರ ಹತ್ತಿರ ಹೋಗದೆ ವಾರಗಟ್ಟಲೆ ಲವಂಗ ಕಚ್ಚಿಕೊಂಡು ಕೂತದ್ದು, ಎಲ್ಲ ಅದರಲ್ಲಿದೆ.

ಸ್ವಾತಂತ್ರ್ಯ ಬಂದ ಮರುವರ್ಷ ಜೂನ್‌ನಲ್ಲಿ ಮೈಸೂರಿನ ಆಸ್ಪತ್ರೆಯೊಂದರಿಂದ ನನಗೆ ಕಾಗದ ಬಂತು. ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಒಪ್ಪಿಗೆಯನ್ನು ಸೋಮವಾರದ ಟಪಾಲಿಗೆ ಹಾಕಬೇಕಿತ್ತು. ಶನಿವಾರ ಸಂಜೆ ಡಬ್ಬಿ ಬಂತು. ಹೋಗಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆಸೆಪಡುವುದೇ ಪಾಪವೇನೋ ಎಂದು ಹೆದರಿ, ನಿನ್ನ ಚಿತ್ತದಂತೆಯೇ ಆಗಲಿ ಎಂದಷ್ಟೇ ಪ್ರಾರ್ಥಿಸಿದೆ.

ಅಪ್ಪ ಚೀಟಿ ಬಿಚ್ಚಿದರು. ಸ್ವಂತ ನಾಡನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡು ಎಂದು ದೇವರು ಭಕ್ತನೊಬ್ಬನಿಗೆ ಹೇಳಿದ ಮಾತು. ಅಪ್ಪ ಅದನ್ನು ಮತ್ತೆ ಸುರುಳಿ ಸುತ್ತಿದರು.

"ಇದು ಆ ಕಾಲದವರಿಗೆ ಹೇಳಿದ್ದು. ನಿನಗಲ್ಲ."

ಮತ್ತೊಂದು ತೆಗೆದರು. ಸುಮ್ಮನಿದ್ದು ಕಾದುಕೊಂಡಿರು ಎಂಬ ವಾಕ್ಯ.

"ನೋಡು, ಇದು ನಿನಗೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನ ಹಲ್ಲಿಗೆ ಎರಡನೇ ಚೀಟಿ ತೆಗೀಲಿಲ್ವಲ್ರೀ" ಎಂದರು.

"ಹಲ್ಲೂ ಮಗಳೂ ಒಂದೇನೇ? ಪರವೂರಲ್ಲಿ ಕಂಡೋರ ಗಾಯ ತೊಳ್ಕೊಂಡಿದ್ರೆ ನಾಳೆ ಇವಳನ್ನ ಯಾರು ಕೇಳ್ತಾರೆ?"

"ಹಾಗಂತ ನೀವೇ ಹೇಳ್ಬಿಡಿ. ಡಬ್ಬಿ ಯಾಕೆ ಬೇಕಿತ್ತು?"

ಅಪ್ಪ ಮುಚ್ಚಳ ಒತ್ತಿದರು. ಅಮ್ಮ ಅಡುಗೆಮನೆಗೆ ಹೋದರು. ಸಾರು ಬಡಿಸುವಾಗ ಸೌಟು ಪಾತ್ರೆಗೆ ಬಡಿಯಿತು. ಬಡಿಸಿದ ಅನ್ನಕ್ಕೆ ಎಂದಿನಂತೆ ಸ್ತೋತ್ರ ಹೇಳಿದೆವು.

ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಅಪ್ಪ ಕಾಗದ ಕೊಟ್ಟರು. ನನ್ನ ಅಕ್ಷರ ಚೆನ್ನಾಗಿತ್ತು.

"ಬರಿ. ಪ್ರಾರ್ಥನೆ ಮಾಡಿ ಕೇಳಿದ್ವಿ, ದೇವರ ಚಿತ್ತ ಇಲ್ಲ, ಅದಕ್ಕೆ ಬರೋಕಾಗಲ್ಲ ಅಂತ."

ನಾನು ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿದರು. ನಮ್ಮ ತಂದೆಯವರಿಗೆ ಇಷ್ಟವಿಲ್ಲ, ಆದ್ದರಿಂದ ಬರಲಾಗುವುದಿಲ್ಲ ಎಂದಷ್ಟೇ ಇತ್ತು.

"ದೇವರ ಮಾತೇ ಇಲ್ವಲ್ಲ?"

"ಆತನ್ನ ಯಾಕಪ್ಪ ಎಳೀಬೇಕು? ಆತ ಹೋಗು ಅಂದಿದ್ದನಲ್ಲ."

ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ನನ್ನ ಕಾಗದವನ್ನು ಮಡಚಿ ಜೇಬಿಗಿಟ್ಟು, ಬೇರೊಂದು ಹಾಳೆ ತೆಗೆದು, ತಮ್ಮ ವಕ್ರ ಅಕ್ಷರದಲ್ಲಿ ತಾವೇ ಬರೆದರು. ಮೊದಲ ಸಾಲಿನಲ್ಲೇ ದೇವರಿದ್ದ. ಕವರು ಅಂಟಿಸಿ, ಸೋಮವಾರ ಬೆಳಿಗ್ಗೆ ಹಾಕಿ ಬಾ ಎಂದು ನನ್ನ ಕೈಗೇ ಕೊಟ್ಟರು. ಹಾಕಿ ಬಂದೆ.

ಅಂದು ಸಂಜೆ ಪ್ರಾರ್ಥನೆಯ ನಂತರ ಅಪ್ಪ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಹಿತ್ತಲ ಗೋಡೆಗೆ ಈ ವಾರ ಸುಣ್ಣ ಹೊಡೆಸುವುದೋ, ಮಳೆ ಕಳೆದ ಮೇಲೋ ಎಂದು ಕೇಳಬೇಕಿತ್ತು.

"ಎಷ್ಟು ತೆಗೀಲಪ್ಪ?" ಎಂದೆ.

ಅಪ್ಪ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡು ತಾವೇ ತೆಗೆದರು. ಏನು ಬಂತೆಂದು ನಾನು ದಿನಚರಿಯಲ್ಲಿ ಬರೆಯಲಿಲ್ಲ.