ಕರೆಂಟು ಹೋದ ಹೊತ್ತಿನ ಸಂಬಳ

'ವಾರ ಹೇಗೆ ಕಳೆಯಿತೋ ಗೊತ್ತೇ ಆಗಲಿಲ್ಲ' ಎನ್ನುವವರನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಸೋಮವಾರ ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂತಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಊಟಕ್ಕೆಂದು ಎದ್ದವರು ಬರೀ ಊಟ ಮಾಡಿದಿರೋ ಹರಟೆಯನ್ನೂ ಹೊಡೆದಿರೋ ಎಂದು ಕೇಳಿ, ಅವರ ವಾರವನ್ನು ಕೂಡಿಸಿ ಅವರ ಕೈಗೇ ಕೊಡೋಣ ಅನ್ನಿಸುತ್ತದೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ. ನಾನು ಕಸುಬು ಎನ್ನುತ್ತೇನೆ. ಕಸುಬಿನಿಂದ ನಿವೃತ್ತಿ ಪಡೆಯಬಹುದು, ಅದರ ಚಟದಿಂದ ಪಡೆಯುವುದು ಕಷ್ಟ.

ತೊಂಬತ್ತರ ದಶಕದಲ್ಲಿ ನಾನು ಜಯನಗರದಿಂದ ಬಸ್ಸು ಹಿಡಿದು ಬಿಳೇಕಹಳ್ಳಿಯ ಒಂದು ಪುಟ್ಟ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಬಿ.ಕಾಂ. ಮುಗಿಸಿದವಳಿಗೆ ಸಿಕ್ಕ ಮೊದಲ ಕೆಲಸ. ಹೊಲಿಯುವ ಹೆಂಗಸರ ವಾರದ ಗಂಟೆಗಳನ್ನು ಕೂಡಿಸಿ ಶನಿವಾರ ಸಂಬಳದ ಪಟ್ಟಿ ಮಾಡುವುದು. ಮಾಲೀಕರು ಮುನಿಯಪ್ಪನವರು, ಅದೇ ಊರಿನ ಹಳೆಯ ಕುಳ. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಇವರು ಮೊದಲು ಬಾಡಿಗೆ ಮನೆಗಳನ್ನೂ ಆಮೇಲೆ ಈ ಹೊಲಿಗೆ ಶೆಡ್ಡನ್ನೂ ಬೆಳೆದಿದ್ದರು.

ನಮ್ಮಲ್ಲಿ 'ಗ್ರಾಸ್' ಎಂದರೆ ಎರಡು ಅರ್ಥ. ಸ್ಟೋರಿನವರಿಗೆ ಅದು ಹನ್ನೆರಡು ಡಜನ್ ಗುಂಡಿ. ನನಗೆ ಅದು ದುಡಿದ ಗಂಟೆಯನ್ನು ಗಂಟೆಯ ದರದಿಂದ ಗುಣಿಸಿ, ಹೊತ್ತು ಮೀರಿ ದುಡಿದು ಓಟಿ ಮಾಡಿದ್ದರೆ ಅದನ್ನು ಅದರ ದರದಲ್ಲಿ ಸೇರಿಸಿದ ಒಟ್ಟು ಮೊತ್ತ, ಪಿ.ಎಫ್.ನಂಥ ಕಡಿತಗಳು ಇನ್ನೂ ಬಾಯಿ ಹಾಕಿರದ ಮೊತ್ತ. ಸಂಸ್ಕೃತದಲ್ಲಿ ಗ್ರಾಸವೆಂದರೆ ತುತ್ತು. ಪತ್ರಿಕೆಯವರು ಏನೇ ಆದರೂ 'ಚರ್ಚೆಗೆ ಗ್ರಾಸ' ಮಾಡುವುದು ಈ ತುತ್ತನ್ನೇ. ಶನಿವಾರ ಸಂಜೆ ಲಕೋಟೆಗಾಗಿ ಕೈ ಚಾಚುವವರನ್ನು ನೋಡಿದರೆ, ಇಂಗ್ಲಿಷಿಗಿಂತ ಸಂಸ್ಕೃತವೇ ಸಂಬಳದ ವಿಷಯವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ ಅನ್ನಿಸುತ್ತಿತ್ತು.

ಆ ಬೇಸಗೆಯಲ್ಲಿ ಕರೆಂಟು ಮನಸ್ಸಿಗೆ ಬಂದಾಗ ಹೋಗುತ್ತಿತ್ತು. ಫ್ಯಾನು ನಿಲ್ಲುತ್ತಿತ್ತು, ಮಿಷನ್ನುಗಳು ನಿಲ್ಲುತ್ತಿದ್ದವು, ಮಾತು ಶುರುವಾಗುತ್ತಿತ್ತು. ಯಾರ ಮಗುವಿಗೆ ಹಲ್ಲು ಬಂತು, ಯಾರ ನಾದಿನಿ ಎಂಥ ಸೀರೆ ತಂದಳು ಎಂಬುದೆಲ್ಲ ನನಗೂ ತಿಳಿಯುತ್ತಿದ್ದದ್ದು ಆಗಲೇ. ಒಂದು ಸೋಮವಾರ ಮುನಿಯಪ್ಪನವರು ನನ್ನ ಮೇಜಿನ ಹತ್ತಿರ ಬಂದು, "ಅಮ್ಮ, ಈ ವಾರದಿಂದ ಕರೆಂಟ್ ಹೋದ ಹೊತ್ತು ಬಿಟ್ಟು ಲೆಕ್ಕ ಹಾಕು," ಎಂದು ಹೇಳಿ ಹೋದರು.

ಹೊಸ ನಿಯಮದ ಮೊದಲ ಲಕೋಟೆಗಳು ಹಂಚಿಕೆಯಾದ ಶನಿವಾರ, ಕಾಲರ್ ಹೊಲಿಯುವ ಶಾಂತವ್ವ ನನ್ನ ಮುಂದೆ ಬಂದು ನಿಂತಳು. ಗದಗದ ಕಡೆಯವಳು, ಗಂಡನ ಜೊತೆ ಬಿಟಿಎಂನಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದಳು. ಜಗಳಕ್ಕೆ ಬಂದವಳಂತೆ ಕಾಣಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ಮೇಡಂ, ಕರೆಂಟ್ ಹೋತಂದ್ರ ನಾ ಏನ್ ಮನಿಗಿ ಹೋಗಿದ್ನೇನ್ರಿ? ಇಲ್ಲೇ ಮಷೀನ್ ಮುಂದ ಕುಂತಿದ್ದೆ. ಬಸ್ಸಿನಾಂವ ಚಾರ್ಜ್ ಪೂರ್ತಿ ತಗೊಂಡ. ನನ್ನ ದಿನಾನೂ ಪೂರ್ತಿ ಹೋತು. ಪಗಾರ ಅಷ್ಟ ಯಾಕ್ರಿ ಕಡಿಮಿ?"

ನಾನು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಲೆಕ್ಕ ಸರಿಯಿಲ್ಲವೆಂದು ಗೊತ್ತಾದ ಮೇಲೆ ಸುಮ್ಮನಿರುವುದು ನನ್ನಿಂದಾಗದು. ತರಕಾರಿಯವನ ಮುಂದೆಯೇ ಸುಮ್ಮನಿರದವಳು ಮುನಿಯಪ್ಪನವರ ಮುಂದೆ ಇರುತ್ತೇನೆಯೇ?

ಸೋಮವಾರ ಅವರ ಕೋಣೆಗೆ ಹೋಗಿ, ಆ ಹೊತ್ತನ್ನೂ ಸೇರಿಸಬೇಕೆಂದೆ.

"ಅಲ್ಲಮ್ಮ, ಮಿಷನ್ ತಿರುಗ್ದಿದ್ರೆ ಬಟ್ಟೆ ಇಲ್ಲ. ಬಟ್ಟೆ ಇಲ್ದಿದ್ರೆ ಕಾಸಿಲ್ಲ. ಎಲ್ಲಿಂದ ಕೊಡ್ಲಿ, ನೀನೇ ಹೇಳು."

"ಸಾರ್, ನಿಮ್ಮ ಬಾಡಿಗೆ ಮನೆಯೋರು ರಜಾಕ್ಕೆ ಊರಿಗೆ ಹೋಗ್ತಾರಲ್ಲ, ಆ ದಿನದ ಬಾಡಿಗೆ ಬಿಟ್ಟುಬಿಡ್ತೀರಾ?"

"ಯಾಕ್ ಬಿಡ್ಲಿ? ಬೀಗ ಅವ್ರದೇ ಹಾಕಿರ್ತದೆ. ಇನ್ನೊಬ್ಬರಿಗೆ ಕೊಡಕಾಯ್ತದಾ ಆ ಮನೆನ?"

"ಶಾಂತವ್ವನ ದಿನಕ್ಕೂ ಹಾಗೇ ಸಾರ್. ನಿಮ್ಮ ಬೀಗ ಬಿದ್ದಿರತ್ತೆ. ಅವಳು ಅದನ್ನ ಇನ್ನೊಬ್ಬರಿಗೆ ಕೊಡಕ್ಕಾಗತ್ತಾ?"

ಮುನಿಯಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಮುಖವನ್ನು ಕ್ಯಾಲ್ಕುಲೇಟರಿನಂತೆ ಇಟ್ಟುಕೊಂಡಿದ್ದೆ. ಕೊನೆಗೆ ಅವರು ಜೋರಾಗಿ ನಕ್ಕರು. "ಬಾಡಿಗೆ ವಿಷ್ಯಕ್ಕೇ ಬಂದ್ಬಿಟ್ಯಲ್ಲಮ್ಮ! ಸರಿ, ಪೂರ್ತಿ ಹಾಕು. ಹೋದ ವಾರ ಬಿಟ್ಟಿದ್ದನ್ನೂ ಸೇರಿಸು."

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಂದಿಗೂ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಆದರೆ ಸುಮ್ಮನೆ ಕೂತವರಿಗೂ ಸಂಬಳ ಕೊಡಬೇಕೆಂದಾದ ಮೇಲೆ ಮುನಿಯಪ್ಪನವರು ಯೋಚಿಸಿದರು, ಯೋಚಿಸಿ ಒಂದು ಸೆಕೆಂಡ್ ಹ್ಯಾಂಡ್ ಜನರೇಟರ್ ತಂದರು. ಈಗ ಕರೆಂಟು ಹೋದ ಮರುಕ್ಷಣವೇ ಅದು ಹಿತ್ತಲಲ್ಲಿ ಗುಡುಗುತ್ತಿತ್ತು. ಹೆಂಗಸರು ಬಾಯಿ ತೆರೆಯುವಷ್ಟರಲ್ಲಿ ಮಿಷನ್ನು ಹೊರಡುತ್ತಿತ್ತು. ತೆರೆದರೂ ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

"ಚಲೋ ಲೆಕ್ಕ ಮಾಡಿದ್ರಿ ಮೇಡಂ," ಎಂದಳು ಶಾಂತವ್ವ. "ಪಗಾರ ಉಳೀತು, ಮಾತು ಹೋತು."

ಪುಣ್ಯಕ್ಕೆ ಜನರೇಟರ್ ಡೀಸೆಲ್ ಕುಡಿಯುವುದರಲ್ಲಿ ಧಾರಾಳಿಯಾಗಿತ್ತು. ಬಂಕಿನ ಬಿಲ್ಲು ನೋಡಿ ಗಾಬರಿಯಾದ ಮುನಿಯಪ್ಪನವರು ನನ್ನನ್ನು ಕರೆದು, ಅದನ್ನು ಓಡಿಸುವುದು ಲಾಭವೋ ಇವರನ್ನು ಕೂರಿಸುವುದು ಲಾಭವೋ ನೋಡು ಎಂದರು. ನೋಡಿದೆ. ಕರೆಂಟು ಹೆಚ್ಚು ಹೊತ್ತು ಹೋದರೆ ಜನರೇಟರ್ ವಾಸಿ. ಸ್ವಲ್ಪ ಹೊತ್ತಾದರೆ ಶಾಂತವ್ವನ ಮಾತೇ ಅಗ್ಗ. ಈ ಲೆಕ್ಕದಲ್ಲಿ ನಾನು ಯಾರ ಪರವಾಗಿಯೂ ಒಂದು ಪೈಸೆ ಎಳೆದಿಲ್ಲ. ಅಂಕಿಗಳೇ ಹೆಂಗಸರ ಕಡೆ ವಾಲಿದ್ದವು.

ಹೀಗೆ ಸಣ್ಣ ಬಿಡುವುಗಳು ವಾಪಸ್ಸು ಬಂದವು, ಅದೂ ಸಂಬಳದ ಸಮೇತ. ಒಂದು ಮಧ್ಯಾಹ್ನ ಹಾಗೆ ಕರೆಂಟು ಹೋದಾಗ, ಸೆಕೆ ತಡೆಯಲಾರದೆ ಮುನಿಯಪ್ಪನವರೂ ತಮ್ಮ ಕೋಣೆಯಿಂದ ಹೊರಗೆ ಬಂದು ಬಟ್ಟೆಯ ಗಂಟೊಂದರ ಮೇಲೆ ಕೂತರು. ಯಾರೋ ಕಡಲೆಕಾಯಿ ಹಂಚಿದರು. ಗುಂಡಿಗೆ ಕಾಜಾ ಹಾಕುವ ಮಿಷನ್ನು ನಿಂತಿರುವ ಜಾಗದಲ್ಲೇ ತಮ್ಮಪ್ಪ ಬಾವಿ ತೋಡಿಸಿದ್ದನ್ನು, ನೀರು ಬಿದ್ದ ದಿನ ಇಡೀ ಊರಿಗೆ ಪಾಯಸ ಹಾಕಿಸಿದ್ದನ್ನು ಅವರು ಹೇಳತೊಡಗಿದರು. ಅವರಿಗೆ ಹೀಗೆ ಮಾತಾಡಲು ಬರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರ ಕಥೆಯ ಬಾವಿಯಲ್ಲಿ ನೀರು ಇನ್ನೇನು ಬೀಳಬೇಕು, ಅಷ್ಟರಲ್ಲಿ ಕರೆಂಟು ಬಂತು. ಫ್ಯಾನು ತಿರುಗಿತು. ಯಾರೂ ಏಳಲಿಲ್ಲ.

"ಯಜಮಾನ್ರ, ಕರೆಂಟ್ ಬಂತ್ರಿ," ಎಂದಳು ಶಾಂತವ್ವ. "ಈ ಹೊತ್ತು ನಮ್ಮ ಲೆಕ್ಕಕ್ಕೋ ನಿಮ್ಮ ಲೆಕ್ಕಕ್ಕೋ?"

ಅವರು ನನ್ನ ಕಡೆ ನೋಡಿದರು. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ.

"ಎಲ್ಲಾರ್ದೂ ಹಾಕ್ಕೊಳ್ಳಮ್ಮ," ಎಂದರು. "ನೀರು ಬೀಳ್ಲಿ, ಎದ್ದೋಯ್ತಾರೆ."

ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿರಲು, ನಾವು ಬಾವಿಯಲ್ಲಿ ನೀರು ಬೀಳುವವರೆಗೆ ಕೂತೆವು. ಯಾವ ದರದಲ್ಲಿ ಗುಣಿಸಬೇಕೆಂದು ನನಗೆ ತಿಳಿಯದೆ ಹೋದ ಹೊತ್ತು ನನ್ನ ಕಸುಬಿನಲ್ಲಿ ಅದೊಂದೇ.