ಕಾಕಾ ತೊಳೆದಿಟ್ಟ ಆ್ಯಕ್ಸಲ್

ಕಾಕಾ ಅವರ ಅಂಗೈಯಿಂದ ಡೀಸೆಲ್ ವಾಸನೆ ಎಂದೂ ಹೋಗಲಿಲ್ಲ. ಶುಕ್ರವಾರ ಬಿಳಿ ಟೋಪಿ ಹಾಕಿ, ಅತ್ತರು ಪೂಸಿಕೊಂಡು ನಮಾಜಿಗೆ ಹೊರಟರೂ ಡೀಸೆಲ್ಲೇ ಒಂದು ಹೆಜ್ಜೆ ಮುಂದಿರುತ್ತಿತ್ತು. ಹುಕ್ಕೇರಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಗೋಕಾಕಕ್ಕೆ ಬಾಡಿಗೆ ಕಾರು ಓಡಿಸುತ್ತಿದ್ದರು, ರಿಪೇರಿಯೆಲ್ಲ ಮನೆಯಂಗಳದಲ್ಲೇ. ಬಿಚ್ಚಿದ ಸಾಮಾನನ್ನು, ಅದು ಗುಜರಿಗೆ ಹೋಗುವಂಥದ್ದಾದರೂ, ತೊಳೆದು ಒರೆಸಿಯೇ ಇಡುತ್ತಿದ್ದರು.

"ಇಷ್ಟ ದಿನಾ ದುಡದೈತಿ. ಹೊಲಸ ಮಾರೀಲೆ ಕಳಸಬಾರ್ದು."

ವಯಸ್ಸಾದ ಮೇಲೆ ಮರೆವು ಶುರುವಾಯಿತು. ಮಕ್ಕಳು ಕಾರಿನ ಕೀಲಿ ಬಚ್ಚಿಟ್ಟರು, ನಟ್ಟು ಬಿಚ್ಚುವ ಪಾನಾ ಮುಟ್ಟಬೇಡಿ ಎಂದರು. ಕಾಕಾ ಕುಗ್ಗಿಹೋದರು. ಆಗಲೇ ನನ್ನ ಕಾರಿನ ಮುಂದಿನ ಆ್ಯಕ್ಸಲ್ ಸವೆದು, ತಿರುವಿನಲ್ಲಿ ಕಟಕಟ ಎನ್ನತೊಡಗಿತ್ತು.

"ಗ್ಯಾರೇಜಿಗೆ ಯಾಕ ಒಯ್ತೀ? ತಲಿ ಮರತೈತಿ, ಕೈ ಮರತಿಲ್ಲ. ತಾ ಇಲ್ಲೆ" ಎಂದರು. ಇಲ್ಲ ಎನ್ನಲಾಗದೆ, ಹೊಸ ಆ್ಯಕ್ಸಲ್ ಕೊಂಡು ತಂದು ಕಾರನ್ನು ಅವರ ಅಂಗಳದಲ್ಲೇ ನಿಲ್ಲಿಸಿದೆ.

ನಾನು ಒಳಗೆ ಕುಳಿತು ಬ್ರೇಕ್ ಒತ್ತಿ ಹಿಡಿದೆ, ಅವರು ಚಕ್ರದ ದೊಡ್ಡ ನಟ್ಟು ಸಡಿಲಿಸಿದರು. ಹಳೆಯ ಆ್ಯಕ್ಸಲನ್ನು ಹೊರಗೆಳೆದು, ತೊಳೆದು, ಥಳಥಳ ಒರೆಸಿ ಹೊಸದರ ಪಕ್ಕ ಇಟ್ಟರು. ಮನೆಗೆ ಯಾರೋ ಬಂದರೆಂದು ನಾನು ಹೋಗಿ, ಮಾತಾಡಿಸಿ ಬರುವಷ್ಟರಲ್ಲಿ ಎಲ್ಲ ಜೋಡಿಸಿ ಮುಗಿಸಿದ್ದರು. ಕಾರು ಹೊರಡಿಸಿದೆ. ಓಣಿಯ ತಿರುವಿನಲ್ಲೇ ಮತ್ತೆ ಕಟಕಟ. ವಾಪಸು ಬಂದು ನೋಡಿದರೆ, ತೊಳೆದಿಟ್ಟ ಹಳೆಯದನ್ನೇ ತಿರುಗಿ ಹಾಕಿದ್ದರು. ಹೊಸದು ಅಂಗಳದ ಗೋಣಿಚೀಲದ ಮೇಲೆ ಹಾಗೇ ಇತ್ತು.

ಕಾಕಾ ಅದನ್ನು ಎತ್ತಿ, ತಿರುಗಿಸಿ ನೋಡಿದರು. ಆಮೇಲೆ ಪಾನಾ ನನ್ನ ಕೈಗಿಟ್ಟರು.

"ನೀ ಬಿಚ್ಚು, ನಾ ಹೇಳ್ತೇನಿ. ಇವತ್ತ ಹೇಳಾಕ ಬರತೈತಿ. ನಾಳೆ ಬರತೈತೋ ಇಲ್ಲೋ."

ಸಂಜೆಯವರೆಗೆ ಅವರು ಹೇಳಿದರು, ನಾನು ಮಾಡಿದೆ. ಮುಂದೆಂದೂ ಅವರು ಪಾನಾ ಹಿಡಿಯಲಿಲ್ಲ. ನನಗೆ ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೆಲವು ವರ್ಷಗಳ ನಂತರ ಇನ್ನೊಂದು ಬದಿಯ ಆ್ಯಕ್ಸಲನ್ನು ನಾನೊಬ್ಬನೇ ಬದಲಿಸುತ್ತಿದ್ದೆ. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನನ್ನ ಗುರುತು ಅವರಿಗೆ ಉಳಿದಿರಲಿಲ್ಲ.

"ಯಾರ ಕಲಿಸ್ಯಾರ್ರಿ ನಿಮಗ?" ಎಂದರು.

"ನಮ್ಮ ಕಾಕಾ ಕಲಿಸ್ಯಾರ್ರಿ."

"ಛಲೋ ಕಲಿಸ್ಯಾರ. ಅದಾರೇನ್ರಿ ಅವರು ಇನ್ನೂ?"

"ಅದಾರ್ರಿ" ಎಂದೆ.

"ಭೇಟಿ ಆದ್ರ ನನ್ನ ಸಲಾಮ ಹೇಳ್ರಿ."

ಆ ಬೇಸಿಗೆಯಲ್ಲೇ ಕಾಕಾ ತೀರಿಕೊಂಡರು. ದಫನಿಗೆ ಹೋದಾಗ ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಕೊನೆಯ ಹಿಡಿ ಹಾಕುವಾಗ ಬಗ್ಗಿ, ಅವರ ಸಲಾಮನ್ನು ಅವರಿಗೇ ಹೇಳಿ ಬಂದೆ.